ಅಣ್ಣನಿಗೆ ನಾನು ಆರಿಸಿದ ವಾಚು

ನನ್ನ ಮೊಬೈಲಿನೊಳಗಿನ ಅಂಗಡಿಯ ಬುಟ್ಟಿಯಲ್ಲಿ ಮೂರು ವಾಚುಗಳು ಎಂಟು ತಿಂಗಳಿಂದ ಬಿದ್ದುಕೊಂಡಿವೆ. ಒಂದು ಕರಿ ಪಟ್ಟಿಯದು, ಒಂದು ಬೂದು ಬಣ್ಣದ್ದು, ಇನ್ನೊಂದು ಗಿಳಿಹಸಿರು. ಮೂರೂ ಓಡುವವರ ವಾಚುಗಳು. ಆಕಾಶದ ಉಪಗ್ರಹಗಳನ್ನು ಕೇಳಿಕೊಂಡು, ನೀವು ಎಲ್ಲಿದ್ದೀರಿ, ಎಷ್ಟು ದೂರ ಬಂದಿರಿ, ದಾರಿಯಲ್ಲಿ ಎಲ್ಲೆಲ್ಲಿ ಸೋಮಾರಿತನ ಮಾಡಿದಿರಿ ಎಂದೆಲ್ಲ ಹೇಳುವಂಥವು. ದಿನಕ್ಕೊಂದು ಸಲ ಬುಟ್ಟಿಯನ್ನು ತೆರೆದು ಮೂರನ್ನೂ ನೋಡುತ್ತೇನೆ. ಮತ್ತೆ ಮುಚ್ಚಿಡುತ್ತೇನೆ.

ಇಷ್ಟಕ್ಕೂ ಈ ಮನುಷ್ಯ ಓಡುತ್ತಾನೆಯೇ ಎಂದು ನೀವು ಕೇಳಬಹುದು. ಇಲ್ಲ. ಹನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾದ ನನಗೆ ನಲವತ್ತೊಂಬತ್ತು ತುಂಬಿದೆ. ಕೊನೆಯ ಸಲ ಓಡಿದ್ದು ಲೊಕ್ಕನಹಳ್ಳಿ ಬಸ್ಸಿನ ಹಿಂದೆ. ಬಸ್ಸೇ ಗೆದ್ದಿತು. ಆದರೆ ಮನೆತನದಲ್ಲಿ ಎದೆಯ ತೊಂದರೆ ಇದೆ, ನೀವೂ ಈಗಿನಿಂದಲೇ ಹುಷಾರಾಗಿರಿ, ಬಿರುಸಾಗಿ ನಡೆಯಿರಿ, ಸಾಧ್ಯವಾದರೆ ಓಡಿ ಎಂದು ಡಾಕ್ಟರು ಹೇಳಿದ್ದಾರೆ. ಹೆಂಡತಿ ಅದನ್ನು ದಿನಕ್ಕೆ ಮೂರು ಸಲ, ಮಾತ್ರೆಯ ಹಾಗೆ, ಊಟದ ಮೊದಲೂ ಊಟದ ನಂತರವೂ ಹೇಳುತ್ತಾಳೆ.

ಒಂದು ವಾಚು ಆರಿಸುವುದಕ್ಕೆ ಎಂಟು ತಿಂಗಳು ಹಿಡಿಯುತ್ತದೆಯೇ? ಬೇರೆಯವರಿಗೆ ಹಿಡಿಯುವುದಿಲ್ಲ. ನನ್ನ ಕಥೆ ಹಾಗಲ್ಲ. ಜೀವಮಾನದಲ್ಲಿ ಇಂಥ ವಾಚನ್ನು ನಾನು ಆರಿಸಿದ್ದು ಒಂದೇ ಸಲ. ಅದನ್ನು ತಂದು ಅಣ್ಣನ ಕೈಗೆ ಕಟ್ಟಿದೆ. ನಾಲ್ಕು ತಿಂಗಳಿಗೆ ಅಣ್ಣ ತೀರಿಹೋದ. ನಾನು ಆರಿಸಿದ್ದು ತಪ್ಪಾಗಿದ್ದಕ್ಕೆ ಹೋದನೋ, ಹೋಗುವ ಕಾಲ ಬಂದಿದ್ದಕ್ಕೆ ಹೋದನೋ ಎಂಬುದು ನನ್ನೊಳಗೆ ತೀರ್ಮಾನವಾಗಿರಲಿಲ್ಲ. ಅದು ತೀರ್ಮಾನವಾಗದೆ ಇನ್ನೊಂದು ವಾಚಿಗೆ ಬೆರಳು ಒತ್ತುವುದು ಹೇಗೆ?

ಮೊದಲೇ ನಾನು ಚಿಂತೆಯ ಮನುಷ್ಯ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ರಸ್ತೆಯ ತಿರುವಿನಿಂದ ವಾಪಸು ಬಂದು ನಾಲ್ಕನೆಯ ಸಲ ಜಗ್ಗುವವನು. ನಾಲ್ಕು ದಿನ ಚಿಂತೆಗೆ ಕಾರಣವಿಲ್ಲದಿದ್ದರೆ, ಯಾಕೆ ಇಲ್ಲ ಎಂದು ಚಿಂತೆಗೆ ಬೀಳುವವನು. ಇದು ಹುಟ್ಟುಗುಣ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮಗ್ಗದ ಕೋಣೆಯ ಪಕ್ಕದಲ್ಲೇ ನನ್ನ ತೊಟ್ಟಿಲು ಇತ್ತಂತೆ. ಮಗ್ಗ ಬಡಿಯುತ್ತಿದ್ದಷ್ಟು ಹೊತ್ತು ಹಾಯಾಗಿ ನಿದ್ದೆ. ಸದ್ದು ನಿಂತ ಕೂಡಲೇ ಎದ್ದು ಅಳು. ಎಲ್ಲ ಮಕ್ಕಳೂ ಸದ್ದಿಗೆ ಎಚ್ಚರಾಗುತ್ತವೆ, ಇದು ನಿಶ್ಶಬ್ದಕ್ಕೆ ಎಚ್ಚರಾಗುತ್ತದಲ್ಲ ಎಂದು ಅವ್ವ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಆ ಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಮ್ಮ ಹೊತ್ತೆಲ್ಲ ಮೊಳದ ಲೆಕ್ಕ. "ಅರ್ಧ ಮೊಳ ಆಗ್ಲಿ, ಉಂಡ್ರಾಯ್ತು" ಎಂದು ಅಪ್ಪ ಒಳಗಿನಿಂದ ಕೂಗಿದರೆ ಅವ್ವ ಅಷ್ಟರೊಳಗೆ ಮುದ್ದೆ ತೊಳಸಿ ಮುಗಿಸುತ್ತಿದ್ದಳು. ಗಣಿತ ಕಲಿತ ಮೇಲೆ ನಾನು ಮೊಳಕ್ಕೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕಲು ಹೋಗಿ ಸೋತೆ. ಸೀರೆಯ ಮೈಯಾದರೆ ಬೇಗ ಸಾಗುತ್ತದೆ. ಸೆರಗಾದರೆ ಬೆಳಿಗ್ಗೆಯಿಂದ ಸಂಜೆವರೆಗೂ ಕೂತರೂ ಅಂಗೈಯಷ್ಟೇ ಸಾಗುತ್ತದೆ. ಹಾಗಾಗಿ ಸೆರಗು ನೇಯುವ ದಿನಗಳಲ್ಲಿ ನಮ್ಮ ಮನೆಯ ಊಟ ತಡವಾಗುತ್ತಿತ್ತು.

ಅಪ್ಪ ಹೋದ ಮೇಲೆ ಆ ಗುಂಡಿ ಮಗ್ಗಕ್ಕೆ ಅಣ್ಣ ಇಳಿದ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೆಲದ ಅಂಚಿನಲ್ಲಿ ಕೂತು ನೇಯುವ ಮಗ್ಗ ಅದು. ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಅವನು ಇಳಿದಿದ್ದರಿಂದ ನಾನು ಇಳಿಯುವುದು ತಪ್ಪಿತು. ನಾನು ಬಿ.ಎಡ್. ಮುಗಿಸಿ ಮೇಷ್ಟ್ರಾದಾಗ ಅವನಿಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಸೊಸೈಟಿಗೆ ಸೀರೆ ಕೊಡಲು ಹೋದರೂ "ನನ್ ತಮ್ಮ ಲೆಕ್ಕದ ಮೇಷ್ಟ್ರು" ಎಂದು ಹೇಳದೆ ವಾಪಸು ಬರುತ್ತಿರಲಿಲ್ಲ.

ಅಣ್ಣ ಕೈಗೆ ವಾಚು ಕಟ್ಟಿದವನಲ್ಲ. ವಾಚಿನ ಉಕ್ಕಿನ ಸರಪಳಿ ರೇಷ್ಮೆಯ ಎಳೆಗೆ ತಗುಲುತ್ತದೆ ಎಂದು ನೇಕಾರರು ಮಗ್ಗದ ಹತ್ತಿರ ಅದನ್ನು ತರುವುದಿಲ್ಲ. ಒಂದು ಸಲ ಮಾತ್ರ ಕಟ್ಟಿದ್ದ, ಹೆಣ್ಣು ನೋಡಲು ಯಳಂದೂರಿಗೆ ಹೋದಾಗ. ಪಕ್ಕದ ಮನೆಯ ಗೋವಿಂದಣ್ಣನಿಂದ ಕೇಳಿ ಪಡೆದ ವಾಚು ಅದು. ಹೊಳಪು ಚೆನ್ನಾಗಿತ್ತು, ಓಡುತ್ತಿರಲಿಲ್ಲ. ಉಪ್ಪಿಟ್ಟು ಕಾಫಿ ಎಲ್ಲ ಆಗಿ, ಹೆಣ್ಣಿನ ತಂದೆ ಮಾತಿಗೆ ಮಾತು ಸೇರಿಸಲು, "ಟೈಮೆಷ್ಟಾಯ್ತಪ್ಪ?" ಎಂದರು. ಅಣ್ಣ ಬಹಳ ಗತ್ತಿನಿಂದ ತೋಳು ಸರಿಸಿ, ವಾಚು ನೋಡಿ, "ಹತ್ತೂವರೆ" ಎಂದ. ಆಗ ಮಧ್ಯಾಹ್ನ ನಾಲ್ಕು ಗಂಟೆ. ಒಳಗಿನಿಂದ ಕಿಸಕ್ಕೆಂದು ನಕ್ಕ ಸದ್ದು ಕೇಳಿತು. ನಕ್ಕವರೇ ನನ್ನ ಅತ್ತಿಗೆಯಾದರು. ಮೂವತ್ತೈದು ವರ್ಷ ಸಂಸಾರ ಮಾಡಿದರೂ ಅತ್ತಿಗೆ ಅದನ್ನು ಬಿಡಲಿಲ್ಲ. ಅಣ್ಣ ಊಟಕ್ಕೆ ತಡ ಮಾಡಿದಾಗಲೆಲ್ಲ, "ಇನ್ನೂ ಹತ್ತೂವರೆ ಕಣಪ್ಪ ನಿಮ್ಮಣ್ಣನ್ಗೆ" ಎನ್ನುತ್ತಿದ್ದರು.

ಹೋದ ವರ್ಷ ಅಣ್ಣನಿಗೆ ಉಸಿರು ಕಟ್ಟತೊಡಗಿತು. ಮೈಸೂರಿಗೆ ಕರೆದುಕೊಂಡು ಹೋದೆ. ಹೃದಯದ ಕಸುವು ಕಮ್ಮಿಯಾಗಿದೆ ಎಂದರು. ಡಾಕ್ಟರು ಮಾತ್ರೆ ಬರೆದು, "ಗುಂಡಿಯಲ್ಲಿ ಕೂತು ಕೆಲಸ ಸದ್ಯಕ್ಕೆ ಬೇಡ. ದಿನಾ ನಿಧಾನವಾಗಿ ನಡೆಯಿರಿ. ನಡೆದಷ್ಟೂ ಒಳ್ಳೆಯದು" ಎಂದರು. ಅಣ್ಣ ತಲೆ ಆಡಿಸಿದ. ಹೊರಗೆ ಬಂದು ನನ್ನನ್ನು ಕೇಳಿದ. "ಎಲ್ಲಿಗ್ಲಾ ನಡೀಬೇಕು?"

"ಎಲ್ಲಿಗೂ ಅಲ್ಲ ಅಣ್ಣ. ಸುಮ್ನೆ ನಡೀಬೇಕು."

"ಎಲ್ಗೂ ಓಗದೆ ಇರೋದಾದ್ರೆ ನಡೆಯೋದ್ಯಾಕೆ?"

ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ನನಗೆ ಚಿಂತೆ ಹತ್ತಿತು. ಈತ ನಡೆಯುವುದಿಲ್ಲ. ನಾನು ಹನೂರಿನಲ್ಲಿ, ಅವನು ಕೊಳ್ಳೇಗಾಲದಲ್ಲಿ. ದಿನಾ ಹೋಗಿ ಕಾವಲು ಕೂರುವುದಕ್ಕಾಗುತ್ತದೆಯೇ? ಆಗ ನೆನಪಾದದ್ದು ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು ಶಿವಮಲ್ಲು ಮತ್ತು ಅವನ ಕೈಯ ವಾಚು.

ಶಿವಮಲ್ಲು ಓಡುವ ಆಸಾಮಿ. ಬೆಳಿಗ್ಗೆ ಆರಕ್ಕೆ ಲೊಕ್ಕನಹಳ್ಳಿ ಕಡೆ ಹೊರಟರೆ ಪ್ರಾರ್ಥನೆಯ ಗಂಟೆಗೆ ಬೆವರಿನ ಸಮೇತ ಹಾಜರು. ಅವನ ವಾಚಿನಲ್ಲಿ ಐವತ್ತು ಬಗೆಯ ಆಟಗಳಿವೆ. ಹಿಮದಲ್ಲಿ ಜಾರುವುದೂ ಇದೆ, ಗಾಲ್ಫೂ ಇದೆ. ಲಗೋರಿ ಮಾತ್ರ ಇಲ್ಲ. ಒಂದು ದಿನ ರಸ್ತೆಗೆ ಅಡ್ಡವಾಗಿ ಆನೆಗಳು ನಿಂತಿದ್ದವಂತೆ. ಅವು ದಾಟುವವರೆಗೂ ಇವನು ಹುಣಸೆಮರದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಸ್ಕೂಲಿಗೆ ಬಂದು ನೋಡಿದರೆ ಅಷ್ಟೂ ಹೊತ್ತನ್ನು ವಾಚು 'ವಿಶ್ರಾಂತಿ' ಎಂದು ಬರೆದುಕೊಂಡಿದೆ.

"ನಿಂತಲ್ಲೇ ನೂರಾ ಎಪ್ಪತ್ತು ಬಡಿತ ಸಾ! ಅದ್ಕೆ ಇದು ಏನಂತ ಏಳ್ತದೆ ಗೊತ್ತಾ? ವಿಶ್ರಾಂತಿ ಅಂತೆ!"

ಇವನನ್ನೇ ಸಲಹೆ ಕೇಳಿದೆ. "ನಿಮ್ಮಣ್ಣನ್ಗಾ ಸಾ? ಹಂಗಾರೆ ಜಿಪಿಎಸ್ ಇರೋದೇ ತಕಳಿ. ಅದಿಲ್ದಿರೋ ವಾಚು ಕಣ್ಣಿಲ್ದಿರೋ ಎತ್ತು ಇದ್ದಂಗೆ. ನಡೀತಾ ಇವ್ನಿ ಅಂತದೆ, ಗಾಣ ಸುತ್ತಿದ್ರೂ ಅಂಗೇ ಅಂತದೆ."

ಈ ಮಾತನ್ನು ಕೇಳಿಸಿಕೊಂಡೆ. ಕೊಳ್ಳೇಗಾಲದ ಅಂಗಡಿಗೆ ಹೋಗುವಷ್ಟರಲ್ಲಿ ಮರೆತೆ, ಅಥವಾ ಮರೆತಂತೆ ಮಾಡಿದೆ. ಅಂಗಡಿಯವರು ಎರಡು ವಾಚು ಮುಂದಿಟ್ಟರು. ಜಿಪಿಎಸ್ ಇರುವುದನ್ನು ಎರಡು ದಿನಕ್ಕೊಮ್ಮೆ ಚಾರ್ಜಿಗೆ ಹಾಕಬೇಕು. ಇಲ್ಲದ್ದು ಹತ್ತು ದಿನ ಬರುತ್ತದೆ, ಕೈಯ ಆಡುವಿಕೆಯ ಮೇಲೆ ಹೆಜ್ಜೆ ಎಣಿಸುತ್ತದೆ. ಅಣ್ಣ ಎರಡು ದಿನಕ್ಕೊಮ್ಮೆ ಚಾರ್ಜು ಮಾಡುವ ಮನುಷ್ಯನೇ?

"ಜಿಪಿಎಸ್ ಬ್ಯಾಡ್ವಾ ಸಾರ್?" ಎಂದು ಅಂಗಡಿಯವರು ಮತ್ತೊಮ್ಮೆ ಕೇಳಿದರು.

"ಹುಟ್ಟಿದಾಗಿಂದ ಒಂದೇ ಬೀದಿಯಲ್ಲಿರೋ ಮನುಷ್ಯ ಕಣಪ್ಪ ನಮ್ಮಣ್ಣ. ಕಳೆದುಹೋಗೋ ಪೈಕಿ ಅಲ್ಲ" ಎಂದೆ. ಅವರೂ ನಕ್ಕರು, ನಾನೂ ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ವಾಚು ಕಟ್ಟಿಸಿಕೊಂಡ ಅಣ್ಣ ಮೊದಲು ಮುಟ್ಟಿ ನೋಡಿದ್ದು ಅದರ ಪಟ್ಟಿಯನ್ನು. ರಬ್ಬರಿನಂಥ ಮೆತ್ತನೆಯ ಪಟ್ಟಿ. ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿ, "ಇದು ಎಳೆಗೆ ತಗುಲಾಕಿಲ್ಲ ಕಣ್ಲಾ" ಎಂದ. ಅಲ್ಲೇ ನನಗೆ ತಿಳಿಯಬೇಕಿತ್ತು. ಮಾತಿನ ಅಭ್ಯಾಸ, ನೇಕಾರ ಏನು ಕಂಡರೂ ಎಳೆಯ ಮಾತೇ ಆಡುತ್ತಾನೆ ಎಂದುಕೊಂಡೆ.

"ಏನ್ಲಾ ಎಣಿಸ್ತದೆ ಇದು?"

ಹನೂರಿನ ಬಸ್ಸಿಗೆ ಹೊತ್ತಾಗಿತ್ತು. "ನೀನು ಕೈಕಾಲು ಆಡಿಸಿದ್ದನ್ನೆಲ್ಲ ಎಣಿಸ್ತದೆ ಅಣ್ಣ. ದಿನಕ್ಕೆ ಆರು ಸಾವಿರ ಆಗಬೇಕು. ಸಾಯಂಕಾಲ ಫೋಟೋ ತೆಗೆದು ನನಗೆ ಕಳಿಸು" ಎಂದು ಹೇಳಿ ಎದ್ದುಬಿಟ್ಟೆ. ಇಪ್ಪತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಅಣ್ಣನಿಗೆ ಹೇಳಿದ ಪಾಠ ಇಷ್ಟೇ. ಅರ್ಧ ನಿಮಿಷದ್ದು.

ಮೊದಲ ದಿನದ ಫೋಟೋ ಬಂತು. ಎರಡು ಸಾವಿರದ ಚಿಲ್ಲರೆ. "ಸಾಲದು" ಎಂದು ಬರೆದೆ. ಎರಡನೆಯ ದಿನವೂ ಅಷ್ಟೇ. "ಸಾಲದು ಅಣ್ಣ" ಎಂದು ಬರೆದೆ. ನಾಲ್ಕು ದಿನ ಸಾಲದು ಸಾಲದು ಎಂದೆ. ಐದನೆಯ ದಿನ ಆರು ಸಾವಿರದ ಇನ್ನೂರು ಬಂತು. ನನಗಾದ ಸಂತೋಷ ಹೇಳತೀರದು. "ಭೇಷ್ ಅಣ್ಣ!" ಎಂದು ಬರೆದು ಹೆಬ್ಬೆರಳಿನ ಗುರುತು ಹಾಕಿದೆ. ಅಲ್ಲಿಂದ ಮುಂದೆ ನೋಡಿ, ಆರು, ಏಳು, ಏಳೂವರೆ, ಒಮ್ಮೊಮ್ಮೆ ಒಂಬತ್ತು ಸಾವಿರ. ಸ್ಟಾಫ್ ರೂಮಿನಲ್ಲಿ ಶಿವಮಲ್ಲುಗೆ ತೋರಿಸಿದೆ. "ನೋಡಯ್ಯ, ಕಣ್ಣಿಲ್ಲದ ಎತ್ತು!" ಎಂದು ಹಂಗಿಸಿದೆ. ಅವನು ಪಾಪ, "ನಿಮ್ಮಣ್ಣ ಮಾದಪ್ಪನ ಬೆಟ್ಟಕ್ಕೇ ಓಗ್ಬುಡ್ತಾರೆ ಬುಡಿ ಸಾ" ಎಂದ. ನಾನು ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ನಿಜಕ್ಕೂ ಅಷ್ಟರಲ್ಲಿ ಅಣ್ಣ ಬೆಟ್ಟ ಮುಟ್ಟಿ, ಪಾಲಾರ್ ದಾಟಿ, ತಮಿಳುನಾಡಿನೊಳಗೆ ಇದ್ದ.

ಆ ನಾಲ್ಕು ತಿಂಗಳಲ್ಲಿ ಎರಡು ಸಲ ಹೋಗಿದ್ದೆ, ಎರಡೂ ಭಾನುವಾರ. ಅಣ್ಣ ಜಗಲಿಯಲ್ಲಿ ಕೂತಿದ್ದ. ಮಗ್ಗದ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಇಣುಕಲಿಲ್ಲ. ಒಂದು ಸಲ ಅವನೇ ಕೇಳಿದ್ದ. "ನಿನ್ನೆ ಕಳಿಸಿದ್ದು ನೋಡ್ದಾ? ಎಂಗ್ ಬಂದದೆ?"

"ಸಖತ್ತಾಗಿ ಬಂದದೆ ಅಣ್ಣ. ಇನ್ನೊಂದು ಸಾವಿರ ಜಾಸ್ತಿ ಮಾಡು" ಎಂದೆ. ಅವನ ಮುಖ ಅರಳಿತು.

ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಹೋಗುವಷ್ಟರಲ್ಲಿ ಅಣ್ಣನನ್ನು ಜಗಲಿಯಲ್ಲಿ ಮಲಗಿಸಿದ್ದರು. ವಾಚನ್ನು ಯಾರೋ ಬಿಚ್ಚಿದ್ದರು. ಮೂರನೆಯ ದಿನ ಹಾಲು-ತುಪ್ಪ ಬಿಟ್ಟು ಬಂದು ಕೂತಿದ್ದಾಗ, ಗೋವಿಂದಣ್ಣನ ಹತ್ತಿರ ನಾನು ಅಂದೆ. "ದಿನಾ ಅಷ್ಟೊಂದು ನಡೀತಿದ್ದ ಗೋವಿಂದಣ್ಣ. ಆದ್ರೂ ಹಿಂಗಾಯ್ತಲ್ಲ."

ಗೋವಿಂದಣ್ಣ ನನ್ನ ಮುಖ ನೋಡಿದರು. "ನಡೀತಿದ್ನಾ? ಯಾವಾಗ್ಲಾ ನಡ್ದ? ಇಷ್ಟು ದಿವ್ಸವೂ ಮಗ್ಗ ಬಡೀತಲೇ ಇದ್ನಲ್ಲ. ಅವತ್ತು ಸದ್ದು ನಿಂತೋಯ್ತು ಅಂತಲೇ ನಾನು ಬಂದು ನೋಡಿದ್ದು. ಗುಂಡಿಯೊಳಗೆ ಕೂತಂಗೇ ಮುಂದಕ್ಕೆ ಬಗ್ಗೋಗಿದ್ದ."

ಆಮೇಲಿನದು ಲೆಕ್ಕದ ಮೇಷ್ಟ್ರಿಗೆ ಸುಲಭವಾಗಿ ಬಗೆಹರಿಯಿತು. ಬಲಗೈ ದಾರ ಎಳೆದರೆ ಲಾಳಿ ಓಡುತ್ತದೆ. ಎಡಗೈ ಹಣಿಗೆಯನ್ನು ಮುಂದಕ್ಕೆಳೆದು ಬಡಿಯುತ್ತದೆ, ಹಿಂದಕ್ಕೆ ದೂಡುತ್ತದೆ. ಮುಂದಕ್ಕೆ, ಹಿಂದಕ್ಕೆ. ನಡೆಯುವವನ ಕೈ ಬೀಸಿದ ಹಾಗೆಯೇ. ವಾಚು ಇದ್ದದ್ದು ಎಡಗೈಯಲ್ಲಿ. ಹಣಿಗೆಯ ಒಂದೊಂದು ಬಡಿತವನ್ನೂ ಅದು ಹೆಜ್ಜೆ ಎಂದುಕೊಂಡು ನಿಷ್ಠೆಯಿಂದ ಎಣಿಸಿದೆ. ಜಿಪಿಎಸ್ ಇದ್ದಿದ್ದರೆ ನಕ್ಷೆಯ ಮೇಲೆ ಒಂದೇ ಒಂದು ಚುಕ್ಕೆ ಕಾಣುತ್ತಿತ್ತು. ಇವನು ಮನೆ ಬಿಟ್ಟು ಕದಲಿಲ್ಲ ಎಂದು ಮೊದಲ ವಾರವೇ ತಿಳಿಯುತ್ತಿತ್ತು. ನಾನು ಓಡಿ ಬರುತ್ತಿದ್ದೆ, ಬಯ್ಯುತ್ತಿದ್ದೆ, ಮಗ್ಗದಿಂದ ಎಬ್ಬಿಸುತ್ತಿದ್ದೆ.

ಮೈಸೂರಿಗೆ ಹೋಗಿ ಡಾಕ್ಟರನ್ನು ಕೇಳಿದೆ. "ನೇಯದೆ ಇದ್ದಿದ್ದರೂ ಆಗಬಹುದಿತ್ತು. ಹೇಳಲಿಕ್ಕೆ ಬರುವುದಿಲ್ಲ" ಎಂದರು. ಅವರು ಒಳ್ಳೆಯವರು. ಆದರೆ ಚಿಂತೆ ಹತ್ತಿದವನಿಗೆ 'ಹೇಳಲಿಕ್ಕೆ ಬರುವುದಿಲ್ಲ' ಎನ್ನುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ನಿಜ ಹೇಳಬೇಕೆಂದರೆ ನನ್ನ ಮೇಲೆ ಬಂದಷ್ಟೇ ಕೋಪ ಅಣ್ಣನ ಮೇಲೂ ಬಂದಿತ್ತು. ಮೋಸ ಮಾಡಿದ ಎನ್ನಿಸಿತ್ತು. ಕಾಪಿ ಹೊಡೆದು ನೂರಕ್ಕೆ ನೂರು ತೆಗೆದ ಹುಡುಗನ ಉತ್ತರ ಪತ್ರಿಕೆಗೆ ನಾನು ದಿನಾ 'ಭೇಷ್' ಎಂದು ಬರೆದಿದ್ದೆನಲ್ಲ! ಅತ್ತಿಗೆಯ ಮೇಲೂ ಕೋಪ. ಅವರಿಗೆ ಗೊತ್ತಿದ್ದೂ ಒಂದು ಮಾತು ಹೇಳಲಿಲ್ಲವಲ್ಲ ಎಂದು. ತಿಥಿಯ ನಂತರ ಕೊಳ್ಳೇಗಾಲಕ್ಕೆ ಹೋಗುವುದನ್ನೇ ಕಮ್ಮಿ ಮಾಡಿದೆ. ಹೋದರೂ ಜಗಲಿಯಲ್ಲೇ ಕೂತು, ನೀರು ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬರುತ್ತಿದ್ದೆ.

ಹೀಗಿರುವಾಗ ಹೋದ ವಾರ ಶಿವಮಲ್ಲು ನನ್ನ ಮೊಬೈಲು ಕಿತ್ತುಕೊಂಡ. "ನೀವು ಈ ಜನ್ಮದಲ್ಲಿ ತಕಳಲ್ಲ ಸಾ. ಮೊದ್ಲು ಆ್ಯಪ್ ಆದ್ರೂ ಆಕ್ಕೊಡ್ತೀನಿ, ನೋಡ್ಕಂಡು ವಾಚು ತೀರ್ಮಾನ ಮಾಡಿ" ಎಂದ. ಮೊಬೈಲಿನಲ್ಲಿ ಜಾಗ ಇಲ್ಲ ಎಂದು ಬಂತು. "ಬ್ಯಾಡ್ದಿರೋ ಫೋಟೋ ಅಳಿಸಿ ಸಾ" ಎಂದು ವಾಪಸು ಕೊಟ್ಟು ಬೆಲ್ಲು ಹೊಡೆಸಲು ಹೋದ.

ಬೇಡದ ಫೋಟೋಗಳು. ಅಣ್ಣ ಕಳಿಸಿದ್ದು ನೂರಕ್ಕೂ ಹೆಚ್ಚು ಇದ್ದವು. ಅಳಿಸಲೆಂದೇ ತೆರೆದೆ. ಅಂಕಿಗಳೆಲ್ಲ ಸುಳ್ಳು ಎಂದು ಗೊತ್ತಾದ ಮೇಲೆ ಅವುಗಳನ್ನು ಓದುವ ಅಗತ್ಯವಿರಲಿಲ್ಲ. ಹಾಗಾಗಿ ಮೊದಲ ಸಲ ಅಂಕಿ ಬಿಟ್ಟು ಉಳಿದದ್ದನ್ನು ನೋಡಿದೆ.

ಮೊದಲ ನಾಲ್ಕು ಫೋಟೋಗಳಲ್ಲಿ ಕೈಯ ಹಿಂದೆ ಕೆರೆ ಏರಿಯ ಕಲ್ಲು ಇತ್ತು. ಐದನೆಯದರಿಂದ ಮುಂದೆ ಬಟ್ಟೆ. ಮಗ್ಗದ ಮೇಲೆ ಬಿಗಿಯಾಗಿ ಎಳೆದ ಅರಿಶಿನ ಬಣ್ಣದ ರೇಷ್ಮೆ, ಕುಂಕುಮದ ಅಂಚು. ನೇಕಾರರ ಮನೆಯಲ್ಲಿ ಬಟ್ಟೆ ಕಂಡರೆ ಯಾರಿಗೆ ಏನೆನ್ನಿಸುತ್ತದೆ? ನನಗೂ ಅದು ಕಂಡಿದ್ದಿರಬೇಕು, ಗೋಡೆ ಕಂಡ ಹಾಗೆ. ಈಗ ಒಂದೊಂದೇ ಸರಿಸುತ್ತಾ ಹೋದೆ. ಅರಿಶಿನದ ಮೈಯಲ್ಲಿ ಬುಟ್ಟಾಗಳು ಬಂದವು. ಸಣ್ಣ ಸಣ್ಣ ಮಾವಿನಕಾಯಿ. ಸೀರೆ ದಿನದಿನಕ್ಕೂ ಬೆಳೆಯಿತು. ಸೆರಗು ಬಂತು. ಆ ಸೀರೆ ಮುಗಿದು, ಮಗ್ಗಕ್ಕೆ ಹೂಡಿದ್ದ ಅದೇ ಹಾಸಿನ ಎಳೆಗಳಲ್ಲಿ ಇನ್ನೊಂದು ಶುರುವಾಯಿತು. ಬಟ್ಟೆಯ ಮೇಲೆ ಕೈ ಇಡುವಾಗ ಅಣ್ಣ ಯಾವಾಗಲೂ ಒಂದು ಪಕ್ಕಕ್ಕೆ ಇಟ್ಟಿದ್ದ, ಆ ದಿನ ನೇಯ್ದ ಬುಟ್ಟಾ ಮುಚ್ಚಿಹೋಗದ ಹಾಗೆ. ಕೆಲವು ಫೋಟೋಗಳಲ್ಲಿ ವಾಚು ಅರ್ಧಕ್ಕೆ ಕತ್ತರಿಸಿಹೋಗಿದೆ, ಬುಟ್ಟಾ ಪೂರ್ತಿ ಇದೆ. ಅಂಥದೊಂದರ ಕೆಳಗೆ ನಾನು ಬರೆದಿದ್ದೆ. "ಅಣ್ಣ, ನಂಬರು ಪೂರ್ತಿ ಕಾಣೋ ಹಾಗೆ ತೆಗಿ."

ಮೋಸ ಮಾಡುವವನು ಕಾಪಿ ಚೀಟಿಯನ್ನೇ ಪತ್ರಿಕೆಗೆ ಅಂಟಿಸಿ ಕಳಿಸುತ್ತಾನೆಯೇ?

ಎರಡನೆಯ ಪೀರಿಯಡ್ಡಿನಿಂದ ರಜೆ ಹಾಕಿ ಬಸ್ಸು ಹತ್ತಿದೆ. ಕೊಳ್ಳೇಗಾಲದಲ್ಲಿ ಅತ್ತಿಗೆ ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದರು. ವೇಳೆಯಲ್ಲದ ವೇಳೆಯಲ್ಲಿ ನನ್ನನ್ನು ಕಂಡು ಗಾಬರಿಯಾದರು.

"ಯಾಕಪ್ಪ, ಇಸ್ಕೂಲಿಲ್ವಾ?"

"ಅತ್ತಿಗೆ, ಅಣ್ಣ ನೇಯ್ತಾ ಇರೋ ವಿಷ್ಯ ನನಗೆ ಯಾಕೆ ಹೇಳಲಿಲ್ಲ?"

ಅತ್ತಿಗೆ ಮೊರ ಕೆಳಗಿಟ್ಟರು. "ಏಳದೇನು ಬಂತು? ದಿನಾ ಫೋಟೋ ಕಳಿಸ್ತಿರ್ನಿಲ್ವಾ ನಿಂಗೆ?"

ನಾನು ಜಗಲಿಯ ಅಂಚಿನಲ್ಲಿ ಕೂತೆ.

"ಮೊದ್ಲು ನಾಕು ದಿವ್ಸ ಕೆರೆ ಏರಿ ಗಂಟ ಓಗಿದ್ರು. ನೀನು ಸಾಲದು ಸಾಲದು ಅಂತಿದ್ದೆ. ಐದ್ನೇ ದಿವ್ಸ ಕೈ ತಡೀದೆ ಮಗ್ಗಕ್ಕೆ ಕೂತ್ರು. ನಾನು ಜಗಳಾಡ್ದೆ ಕಣಪ್ಪ, ಡಾಕ್ಟ್ರು ಏನ್ ಏಳವ್ರೆ, ನೀವೇನ್ ಮಾಡ್ತಿದ್ದೀರಿ ಅಂತ. ಸಾಯಂಕಾಲ ನೋಡುದ್ರೆ ನೀನೇ ಭೇಷ್ ಅಂತ ಬರ್ದಿದ್ದೀಯ. 'ನೋಡಮ್ಮಿ, ನನ್ ತಮ್ಮ ಮಾದೇವನೇ ಒಪ್ಕಂಡವ್ನೆ. ಓದ್ದೋನು, ಮೇಷ್ಟ್ರು, ಅವನ್ಗೆ ಗೊತ್ತಿಲ್ದೆ ಇರ್ತದಾ? ಡಾಕ್ಟ್ರು ಸುಮ್ನೆ ಎದ್ರುಸಿರೋದು' ಅಂದ್ರು. ನಾನೂ ಸುಮ್ನಾದೆ."

"ನಾನು ಬಂದ ದಿನ ಬಾಗಿಲು ಮುಚ್ಚಿತ್ತಲ್ಲ?"

"ನೀನು ಬತ್ತೀಯ ಅಂತ ಮಗ್ಗಕ್ಕೆ ರಜ ಆಕವ್ರು. ನೀನು ಬರೋದೇ ಅಪರೂಪ, ನಿನ್ ಜೊತೆ ಕೂತ್ಕಬೇಕು ಅಂತ." ಅತ್ತಿಗೆ ಚೆಲ್ಲಿದ ಹುರುಳಿಯನ್ನು ಮೊರಕ್ಕೆ ಸೇರಿಸಿದರು. "ದಿನಾ ಸಂಜೆ ನೀನು ಬರ್ದಿದ್ದ ಓದುಸ್ಕಳವ್ರು. ಮೂವತ್ತೈದು ವರ್ಷ ಈ ಸೀರೆ ನೇಯ್ದೆ, ಯಾರೂ ದಿನಾ ಭೇಷ್ ಅಂದೋರಿಲ್ಲ ಕಣಮ್ಮಿ, ನನ್ ತಮ್ಮ ಅಂತವ್ನೆ ಅನ್ನವ್ರು."

ಅಂಕಿಯನ್ನು ನೋಡಿದ್ದೆ, ಬಟ್ಟೆಯನ್ನು ನೋಡಿರಲಿಲ್ಲ ಎಂದು ಹೇಳಬೇಕಿತ್ತು. ಮೊರದ ಹುರುಳಿಯಲ್ಲಿ ಕಲ್ಲು ಹುಡುಕತೊಡಗಿದೆ. ಆದರೆ ಅತ್ತಿಗೆ ದಡ್ಡರಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ನೋಡುತ್ತಾ ನೋಡುತ್ತಾ ಅವರಿಗೆ ತಿಳಿಯಿತು.

"ನೋಡಿರ್ನಿಲ್ವಾ ನೀನು?" ಎಂದರು.

ಇಲ್ಲ ಎಂದು ತಲೆ ಆಡಿಸಿದೆ.

ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಗೋವಿಂದಣ್ಣನ ಮಗ್ಗ ಬಡಿಯುತ್ತಿತ್ತು. ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಂಡು, "ತೋರ್ಸು, ನಾನೂ ನೋಡ್ಬೇಕು. ಅವ್ರ ಫೋನು ಅವತ್ತೇ ಕೆಟ್ಟೋಯ್ತು" ಎಂದರು. ನಾನು ಪಕ್ಕ ಕೂತು ಮೊದಲಿನಿಂದ ತೋರಿಸತೊಡಗಿದೆ.

ಅವರು ಅಂಕಿ ನೋಡಲಿಲ್ಲ. ಬಟ್ಟೆಯನ್ನೂ ನೋಡಲಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಅಣ್ಣನ ಕೈಯನ್ನು ನೋಡಿದರು. ಮಣಿಕಟ್ಟಿನ ಮೂಳೆ, ನರ, ವಾಚಿನ ಪಟ್ಟಿ. ಮೂವತ್ತು ನಲವತ್ತು ಫೋಟೋ ಆದ ಮೇಲೆ ಹಿಂದಕ್ಕೆ ಹೋಗಲು ಹೇಳಿದರು, ಮತ್ತೆ ಮುಂದಕ್ಕೆ. ಬೆರಳಿಟ್ಟು ತೋರಿಸಿದರು.

"ಶುರುನಲ್ಲಿ ಪಟ್ಟಿ ಎರಡ್ನೇ ತೂತ್ಗೆ ಆಕವ್ರೆ ನೋಡು. ಇಲ್ಲಿ ಮೂರ್ನೇದು. ಇಲ್ಲಿ ನಾಕ್ನೇದು. ಎಷ್ಟು ಇಳ್ದೋಗಿದ್ರು."

ನಾನು ನೋಡಿದೆ. ಪ್ರತಿ ದಿನ ಕಣ್ಣಿಗೆ ಬಿದ್ದ ಕೈ ಅದು.

"ಕೊನೆಗೆ ತೂತೇ ಸಾಲ್ದೆ ಓಯ್ತು. ಜಾರ್ತದೆ ಅಮ್ಮಿ, ಬಿಗಿ ಮಾಡ್ಕೊಡು ಅಂದ್ರು. ನಾನೇ ದಬ್ಬಳ ಕಾಯ್ಸಿ ಇನ್ನೊಂದು ತೂತು ಮಾಡ್ಕೊಟ್ಟೆ." ಅತ್ತಿಗೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ತೂತು ಮಾಡೋವಾಗ್ಲೂ ನಂಗೆ ತೋಚ್ಲಿಲ್ಲ ಕಣಪ್ಪ. ನೆಟ್ಟ್ಗೆ ಬಂತಾ, ಸೊಟ್ಟ ಬಂತಾ ಅಂತ ನೋಡ್ದೆ ಅಷ್ಟೇ. ದಿನಾ ಅದೇ ಕೈಗೆ ಮುದ್ದೆ ಇಕ್ಕೋಳು ನಾನು."

ಏನು ಹೇಳಲಿ? ಅತ್ತಿಗೆ ನಿಮ್ಮದೇನೂ ತಪ್ಪಿಲ್ಲ ಎಂದರೆ, ನನ್ನದೂ ಇಲ್ಲ ಎಂದು ಅವರಿಂದ ಹೇಳಿಸಿಕೊಳ್ಳಲು ಅಂದ ಹಾಗಾಗುತ್ತಿತ್ತು.

"ಮುಂದಿಂದು ತೋರ್ಸು" ಎಂದರು.

ತೋರಿಸಿದೆ. ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಯಿತು. ಹುರುಳಿಯ ಮೊರಕ್ಕೆ ಗುಬ್ಬಿ ಬಂದು ಕೂತರೂ ಇಬ್ಬರೂ ಓಡಿಸಲಿಲ್ಲ. ಎರಡನೆಯ ಸೀರೆಯ ಮಾವಿನಕಾಯಿಗಳು ಒಂದೊಂದಾಗಿ ಬಂದವು. ಪ್ರತಿಯೊಂದಕ್ಕೂ ಅತ್ತಿಗೆ "ಮುಂದಿಂದು" ಎನ್ನುತ್ತಿದ್ದರು. ನಾನು ಬೆರಳು ಸರಿಸುತ್ತಿದ್ದೆ. ಕೊನೆಯದು ಬಂತು. ಅರ್ಧ ನೇಯ್ದ ಸೆರಗು, ಹೊಸ ತೂತಿಗೆ ಬಿಗಿದ ಪಟ್ಟಿ, ಸಣ್ಣ ಕೈ. ಕೆಳಗೆ ನನ್ನ ಭೇಷ್.

ಅತ್ತಿಗೆ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಮೊಬೈಲು ನನ್ನ ಕಡೆ ಚಾಚಿದರು.

"ಮುಂದಿಂದು?"

ಬೆರಳು ಸರಿಸಿದೆ. ಪರದೆ ಒಂದಿಷ್ಟು ಅಲುಗಿ ಮತ್ತೆ ಅಲ್ಲಿಗೇ ಬಂದು ನಿಂತಿತು.

"ಇಲ್ಲ ಅತ್ತಿಗೆ" ಎಂದೆ. "ಅಷ್ಟೇ."